ಸೈಟ್ ಕೆಟ್ಟಿದೆಯೋ, ನಡುವೆ ಯಾರೋ ತಡೆದಿದ್ದಾರೋ: ಗುರುತಿಸುವುದು ಹೇಗೆ?

ಹೊಸ್ತಿಲು (ಪ್ರಶ್ನೆ ಕೇಳಿದವರು)

ಒಂದು ಸುದ್ದಿತಾಣ ಒಂದು ನೆಟ್‌ವರ್ಕಿನಲ್ಲಿ ಸಲೀಸಾಗಿ ತೆರೆಯುತ್ತದೆ, ಇನ್ನೊಂದರಲ್ಲಿ "ಕನೆಕ್ಷನ್ ರೀಸೆಟ್" ಎಂದು ಬ್ರೌಸರ್ ಕೈಚೆಲ್ಲುತ್ತದೆ. ತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಅನ್ನು ಗೂಗಲ್‌ನ 8.8.8.8 ಮಾಡಿದರೂ ಅದೇ ಹಾಡು. ಅದೇ ನೆಟ್‌ವರ್ಕಿನಲ್ಲಿ ತೆರೆಯದಿದ್ದ ಬೇರೊಂದು ತಾಣ ಮಾತ್ರ ಡಿಎನ್‌ಎಸ್ ಬದಲಿಸಿದ ಕೂಡಲೇ ತೆರೆಯುತ್ತದೆ.

ತಿಳಿಯಬೇಕಾದದ್ದು ಮೂರು. ಸರ್ವರ್ ಕೆಟ್ಟಿರುವುದಕ್ಕೂ ನಡುದಾರಿಯಲ್ಲಿ ತಡೆ ಬಿದ್ದಿರುವುದಕ್ಕೂ ಇರುವ ವ್ಯತ್ಯಾಸವನ್ನು ಪರೀಕ್ಷೆ ಮಾಡಿ ಹೇಳುವ ದಾರಿ ಯಾವುದು? ಡಿಎನ್‌ಎಸ್ ಬದಲಾವಣೆ ಒಂದು ಕಡೆ ಫಲಿಸಿ ಇನ್ನೊಂದು ಕಡೆ ಏಕೆ ಸೋಲುತ್ತದೆ? ಬೇರೆಯವರ ಸರ್ವರ್ ಮೂಲಕ ಬಳಸುದಾರಿ ಹಿಡಿಸುವ ವಿಪಿಎನ್, ಟಾರ್ ಇವು ಯಾರ ಕಣ್ಣಿಂದ ಏನನ್ನು ಮರೆಮಾಡುತ್ತವೆ, ಯಾರಿಗೆ ಏನನ್ನು ತೋರಿಸುತ್ತವೆ? ಜಾಹೀರಾತಿನ ಮಾತು ಬಿಟ್ಟು ಹೇಳಿದರೆ ಉಪಕಾರ.

ತಂತಿಜಾಡು

ಪುಟವೊಂದು ತೆರೆಯಬೇಕಾದರೆ ನಾಲ್ಕು ಹೆಜ್ಜೆ ಆಗಬೇಕು: ಹೆಸರಿನಿಂದ ಐಪಿ ವಿಳಾಸ ಹುಡುಕುವುದು (ಡಿಎನ್‌ಎಸ್), ಆ ವಿಳಾಸಕ್ಕೆ ಟಿಸಿಪಿ ಸಂಪರ್ಕ, ಆಮೇಲೆ ಮಾತನ್ನು ಗೂಢಲಿಪಿಗೊಳಿಸುವ ಟಿಎಲ್‌ಎಸ್ ಕೈಕುಲುಕು, ಕೊನೆಗೆ ಎಚ್‌ಟಿಟಿಪಿ ಕೋರಿಕೆ. ತಡೆ ಯಾವ ಹೆಜ್ಜೆಯಲ್ಲಾದರೂ ಬೀಳಬಹುದು. ಎಲ್ಲಿ ಕಾಲು ಜಾರಿತು ಎನ್ನುವುದು ತಿಳಿಯದೆ ಮದ್ದು ಹುಡುಕಲು ಹೋದರೆ, ನಿಮ್ಮ 8.8.8.8ಕ್ಕೆ ಆದ ಗತಿಯೇ ಆಗುತ್ತದೆ.

ಶುರುಮಾಡುವ ಮುನ್ನ ಎರಡು ಸಣ್ಣ ಕೆಲಸ. ಸಾಧನದ ದಿನಾಂಕ, ಗಡಿಯಾರ ಸರಿ ಇದೆಯೇ ನೋಡಿ. ಅದು ತಪ್ಪಿದ್ದರೆ ತಾಣದ ಒಳ್ಳೆಯ ಪ್ರಮಾಣಪತ್ರವೂ (ತಾಣದ ಗುರುತುಚೀಟಿ) ಕೆಟ್ಟದಾಗಿ ಕಾಣುತ್ತದೆ. ಆಮೇಲೆ ವಿಪಿಎನ್, ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್, ಆಂಟಿವೈರಸ್‌ನ ವೆಬ್ ರಕ್ಷಣೆ ಇವನ್ನೆಲ್ಲ ನಿಲ್ಲಿಸಿ. "ಸೆನ್ಸಾರ್" ಎಂದು ಬರುವ ದೂರುಗಳಲ್ಲಿ ಆಂಟಿವೈರಸ್‌ನ ಕಿತಾಪತಿ ಆಗಾಗ ಸಿಗುತ್ತದೆ.

ಮೊದಲು ಡಿಎನ್‌ಎಸ್. ಎನ್‌ಎಸ್‌ಲುಕಪ್ ಅಥವಾ ಡಿಗ್ ಆಜ್ಞೆಯಿಂದ ತಾಣದ ಹೆಸರನ್ನು ನಿಮ್ಮ ಇಂಟರ್ನೆಟ್ ಸೇವಾದಾರರ ಡಿಎನ್‌ಎಸ್‌ಗೂ ಕೇಳಿ, ಕ್ವಾಡ್9 ಎಂಬ ಸಾರ್ವಜನಿಕ ಡಿಎನ್‌ಎಸ್‌ನ 9.9.9.9ಕ್ಕೂ ಕೇಳಿ. ಉತ್ತರ ಬೇರೆ ಬಂದ ಮಾತ್ರಕ್ಕೆ ತಡೆ ಎಂದುಕೊಳ್ಳಬೇಡಿ. ದೊಡ್ಡ ತಾಣಗಳು ಸಿಡಿಎನ್ (ಪುಟಗಳ ಪ್ರತಿಯನ್ನು ಹಲವು ಊರುಗಳಲ್ಲಿ ಇಡುವ ಸರ್ವರ್ ಜಾಲ) ಬಳಸುತ್ತವೆ, ಕೇಳಿದವರ ಜಾಗ ನೋಡಿ ಬೇರೆ ಬೇರೆ ವಿಳಾಸ ಕೊಡುತ್ತವೆ. ಅನುಮಾನ ಪಡಬೇಕಾದದ್ದು 127.0.0.1, 0.0.0.0, ಇಲ್ಲವೇ 10 ಅಥವಾ 192.168ರಿಂದ ಶುರುವಾಗುವ ಖಾಸಗಿ ವಿಳಾಸ ಬಂದಾಗ. ಬೇರೆಲ್ಲ ಕಡೆ ಇರುವ ಹೆಸರಿಗೆ "ಇಂಥ ಹೆಸರೇ ಇಲ್ಲ" ಎಂಬ ಎನ್‌ಎಕ್ಸ್‌ಡೊಮೇನ್ ಉತ್ತರ ಬಂದಾಗ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮೂರು ತಾಣಗಳಿಗೆ ಒಂದೇ ವಿಳಾಸ ಬಂದಾಗ.

ಇನ್ನೂ ಗಟ್ಟಿ ಪುರಾವೆ ಬೇಕಾದರೆ, ಡಿಎನ್‌ಎಸ್ ಸರ್ವರ್ ಓಡಿಸದ ಯಾವುದಾದರೂ ಹೊರಗಿನ ಐಪಿ ವಿಳಾಸಕ್ಕೆ ಆ ಹೆಸರನ್ನು ಕೇಳಿ. ನ್ಯಾಯವಾಗಿ ಉತ್ತರವೇ ಬರಬಾರದು. ಬಂದರೆ, ದಾರಿಯ ನಡುವೆ ಕೂತವರು ಕೇಳದಿದ್ದರೂ ಉತ್ತರಿಸುತ್ತಿದ್ದಾರೆ. ಆ ಬಳಿಕ ನೀವು ಯಾವ ಡಿಎನ್‌ಎಸ್ ಸಂಖ್ಯೆ ಬರೆದುಕೊಂಡರೂ ಒಂದೇ, ಏಕೆಂದರೆ ಸಾದಾ ಡಿಎನ್‌ಎಸ್ 53ನೇ ಪೋರ್ಟಿನಲ್ಲಿ (ಪೋರ್ಟ್ ಎಂದರೆ ಯಂತ್ರದ ಸಂಖ್ಯೆ ಹಾಕಿದ ಬಾಗಿಲು) ತೆರೆದ ಅಂಚೆಕಾರ್ಡಿನಂತೆ ಹೋಗುತ್ತದೆ. ನಡುವಿನವರು ಓದಬಲ್ಲರು, ಅಸಲಿ ಉತ್ತರಕ್ಕಿಂತ ಮೊದಲೇ ನಕಲಿ ಉತ್ತರ ಮುಟ್ಟಿಸಬಲ್ಲರು.

ಎರಡನೆಯದು ಟಿಸಿಪಿ. ಸರಿಯಾದ ವಿಳಾಸ ಕೈಯಲ್ಲಿದ್ದೂ 443ನೇ ಪೋರ್ಟಿಗೆ ಸಂಪರ್ಕವೇ ಕುದುರದೆ "ಟೈಮ್ಡ್ ಔಟ್" ಬಂದರೆ ಐಪಿ ಮಟ್ಟದ ತಡೆ ಇರಬಹುದು, ಸರ್ವರ್ ಸತ್ತೂ ಇರಬಹುದು. ಇಲ್ಲಿ ಒಂದೇ ನೆಟ್‌ವರ್ಕಿನಿಂದ ತೀರ್ಮಾನ ಹೇಳಲಾಗದು, ಬೇರೆ ನೆಟ್‌ವರ್ಕಿನಿಂದ ಅದೇ ಹೊತ್ತಿನಲ್ಲಿ ಅದೇ ವಿಳಾಸವನ್ನು ಮುಟ್ಟಿ ನೋಡಬೇಕು.

ಮೂರನೆಯದು ಟಿಎಲ್‌ಎಸ್, ನಿಮ್ಮ ಸುದ್ದಿತಾಣದ ರೋಗ ಇಲ್ಲಿದ್ದಂತೆ ಕಾಣುತ್ತದೆ. ಟಿಸಿಪಿ ಕೂಡಿಕೊಂಡ ಮೇಲೆ ಬ್ರೌಸರ್ ಕಳಿಸುವ ಮೊದಲ ಸಂದೇಶ "ಕ್ಲೈಂಟ್ ಹಲೋ". ಅದರಲ್ಲಿ ಎಸ್‌ಎನ್‌ಐ ಎಂಬ ಜಾಗದಲ್ಲಿ ತಾಣದ ಹೆಸರು ಬಿಚ್ಚಕ್ಷರದಲ್ಲಿ ಇರುತ್ತದೆ. 2018ರ ಟಿಎಲ್‌ಎಸ್ 1.3 ಸರ್ವರಿನ ಪ್ರಮಾಣಪತ್ರವನ್ನು ಗೂಢಲಿಪಿಯೊಳಗೆ ಸೇರಿಸಿತು, ಈ ಹೆಸರನ್ನು ಮಾತ್ರ ಹೊರಗೇ ಬಿಟ್ಟಿತು. ನಡುವಿನ ಯಂತ್ರ ಆ ಹೆಸರನ್ನು ಓದಿ, ಎರಡೂ ಕಡೆಗೆ ನಕಲಿ ಟಿಸಿಪಿ ರೀಸೆಟ್ ಎಸೆಯುತ್ತದೆ. ಸರ್ವರ್ ಫೋನ್ ಇಟ್ಟುಬಿಟ್ಟಿತು ಎಂದು ಬ್ರೌಸರ್ ನಂಬುತ್ತದೆ.

ಇದನ್ನು ಸಾಬೀತು ಮಾಡುವುದು ಸುಲಭ. ಬ್ರೌಸರಿಲ್ಲದೆ ಪುಟ ತರಿಸುವ ಕರ್ಲ್ ಆಜ್ಞೆಗೆ "ರಿಸಾಲ್ವ್" ಎಂಬ ಆಯ್ಕೆ ಇದೆ; ಹೆಸರು, 443, ಐಪಿ ವಿಳಾಸ ಈ ಮೂರನ್ನು ನಡುವೆ ಕೋಲನ್ ಹಾಕಿ ಬರೆದರೆ, ಯಾವ ಹೆಸರನ್ನು ಯಾವ ವಿಳಾಸಕ್ಕೆ ಬೇಕಾದರೂ ಕಳಿಸಬಹುದು. ಮೊದಲು ಸುದ್ದಿತಾಣದ ಐಪಿಗೆ ಯಾವುದೋ ನಿರುಪದ್ರವಿ ಹೆಸರು ಕಳಿಸಿ. ರೀಸೆಟ್ ಬರದೆ "ಪ್ರಮಾಣಪತ್ರದ ಹೆಸರು ಹೊಂದುತ್ತಿಲ್ಲ" ಎಂಬ ದೂರು ಬಂದರೆ ವಿಳಾಸಕ್ಕೆ ತಡೆಯಿಲ್ಲ ಎಂದಾಯಿತು. ಈಗ ತಿರುಗಿಸಿ: ಸಂಬಂಧವೇ ಇಲ್ಲದ ಬೇರೊಂದು ಸರ್ವರಿಗೆ ಸುದ್ದಿತಾಣದ ಹೆಸರು ಕಳಿಸಿ. ಅಲ್ಲೂ ರೀಸೆಟ್ ಬಂದರೆ ಇನ್ನು ವಾದವೇ ಇಲ್ಲ, ಹೆಸರನ್ನು ನೋಡಿಯೇ ಕತ್ತರಿಸುತ್ತಿದ್ದಾರೆ. ಎರಡೂ ಪರೀಕ್ಷೆಯನ್ನು ಐದಾರು ಸಲ ಮಾಡಿ. ಜನದಟ್ಟಣೆಯ ಹೊತ್ತಿನಲ್ಲಿ ತಡೆಯುವ ಯಂತ್ರವೂ ಕೆಲವು ಪ್ಯಾಕೆಟ್ಟುಗಳನ್ನು (ದತ್ತಾಂಶದ ತುಣುಕುಗಳನ್ನು) ನೋಡದೆ ಬಿಟ್ಟುಬಿಡುತ್ತದೆ.

ಪ್ಯಾಕೆಟ್ಟುಗಳನ್ನು ಬಿಡಿಸಿ ತೋರಿಸುವ ವೈರ್‌ಶಾರ್ಕ್ ಬಳಸಬಲ್ಲವರು ರೀಸೆಟ್ ಪ್ಯಾಕೆಟ್ಟಿನ ಟಿಟಿಎಲ್ ಅನ್ನು (ದಾರಿಯ ಪ್ರತಿ ರೂಟರಿನಲ್ಲಿ ಒಂದರಂತೆ ಇಳಿಯುವ ಸಂಖ್ಯೆ), ಅದಕ್ಕೂ ಮೊದಲು ಸರ್ವರಿನಿಂದ ಬಂದ ಪ್ಯಾಕೆಟ್ಟುಗಳ ಟಿಟಿಎಲ್ ಜೊತೆ ಹೋಲಿಸಿ. ಒಂದೇ ಸಂಪರ್ಕದಲ್ಲಿ ಎರಡು ಬಗೆಯ ಸಂಖ್ಯೆ ಬಂದರೆ ಎರಡು ಬೇರೆ ಯಂತ್ರಗಳು ಮಾತಾಡುತ್ತಿವೆ.

ನಾಲ್ಕನೆಯದು ಎಚ್‌ಟಿಟಿಪಿ. "ಈ ತಾಣವನ್ನು ನಿರ್ಬಂಧಿಸಲಾಗಿದೆ" ಎಂಬ ಪುಟ ಕಾಣಿಸುವುದು ಹೆಚ್ಚಾಗಿ 80ನೇ ಪೋರ್ಟಿನ ಹಳೆಯ ಎಚ್‌ಟಿಟಿಪಿಯಲ್ಲಿ. ಕಾನೂನಿನ ಕಾರಣಕ್ಕೆ ತಡೆದರೆ 451 ಎಂಬ ಸಂಕೇತ ಕೊಡಬೇಕೆಂದು 2016ರಲ್ಲಿ ಮಾನದಂಡವೇ ಬಂತು. ಆದರೂ ಅನೇಕ ತಡೆಪುಟಗಳು "ಎಲ್ಲ ಸರಿ ಇದೆ" ಎನ್ನುವ 200ನ್ನೇ ಕೊಡುತ್ತವೆ. ಇನ್ನೊಂದು ಮಾತು, ತಡೆದವರು ಸರ್ವರಿನ ಮಾಲೀಕರೇ ಇರಬಹುದು. ಯುರೋಪಿನ ಜಿಡಿಪಿಆರ್ ನಿಯಮ 2018ರ ಮೇ ತಿಂಗಳಲ್ಲಿ ಜಾರಿಯಾದಾಗ ಅಮೆರಿಕದ ಕೆಲವು ಸುದ್ದಿತಾಣಗಳು ಯುರೋಪಿನ ಓದುಗರಿಗೆ ತಾವಾಗಿಯೇ ಬಾಗಿಲು ಹಾಕಿದವು. ಅಂಥದ್ದು ಸಾಮಾನ್ಯವಾಗಿ 403 ಅಥವಾ 451 ಆಗಿ, ಸರಿಯಾದ ಪ್ರಮಾಣಪತ್ರದೊಂದಿಗೆ ಬರುತ್ತದೆ. ಪ್ರಮಾಣಪತ್ರ ಅಸಲಿ ಇದ್ದರೆ ಆ ಮಾತು ಸರ್ವರಿನ ಕಡೆಯಿಂದಲೇ ಬಂದದ್ದು.

ಎಣಿಕೆಗಾರ

ಮೇಲಿನದ್ದಕ್ಕೆ ಒಂದು ಸೇರ್ಪಡೆ. ಇಷ್ಟೆಲ್ಲ ಕೈಯಿಂದ ಮಾಡಲಾಗದವರಿಗೆ ಊನಿ ಪ್ರೋಬ್ ಎಂಬ ಉಚಿತ ಆ್ಯಪ್ ಇದೆ. 2012ರಿಂದ ನಡೆದುಬಂದಿರುವ ಯೋಜನೆ. ಡಿಎನ್‌ಎಸ್, ಟಿಸಿಪಿ, ಟಿಎಲ್‌ಎಸ್, ಎಚ್‌ಟಿಟಿಪಿ ನಾಲ್ಕನ್ನೂ ನಿಮ್ಮ ನೆಟ್‌ವರ್ಕಿನಿಂದಲೂ ಹೊರಗಿನ ಒಂದು ಸರ್ವರಿನಿಂದಲೂ ಅಳೆದು ಹೋಲಿಸುತ್ತದೆ.

ಫಲಿತಾಂಶ ಓದುವಾಗ ಎಡವುವವರು ಬಹಳ. "ಅನಾಮಲಿ" ಎಂದರೆ ಏನೋ ಹೆಚ್ಚುಕಡಿಮೆ ಕಂಡಿದೆ, ಅಷ್ಟೇ. ಸೋತ ವೈಫೈ ಕೂಡ ಅದನ್ನು ಕೊಡುತ್ತದೆ. "ಕನ್ಫರ್ಮ್ಡ್" ಎಂದು ಬರುವುದು ಈಗಾಗಲೇ ಗೊತ್ತಿರುವ ತಡೆಪುಟದ ಗುರುತು ಸಿಕ್ಕಾಗ. ಎಸ್‌ಎನ್‌ಐ ರೀಸೆಟ್ಟಿನಲ್ಲಿ ತಡೆಪುಟವೇ ಬರುವುದಿಲ್ಲವಾದ್ದರಿಂದ ಅದು ತಿಂಗಳುಗಟ್ಟಲೆ "ಅನಾಮಲಿ"ಯಾಗಿಯೇ ಉಳಿಯಬಹುದು. ಆಗ ನೋಡಬೇಕಾದದ್ದು ಒಂದೇ ನೆಟ್‌ವರ್ಕಿನ ಹಲವು ಅಳತೆಗಳಲ್ಲಿ ಅದೇ ದೋಷ ಅದೇ ಹೆಜ್ಜೆಯಲ್ಲಿ ಮರುಕಳಿಸಿದೆಯೇ ಎಂದು.

ಎಚ್ಚರಿಕೆಯೂ ಇದೆ. ಅಳತೆಗಳು ಎಎಸ್ ಸಂಖ್ಯೆ (ನೆಟ್‌ವರ್ಕ್ ಯಾರದೆಂದು ಹೇಳುವ ಸಂಖ್ಯೆ), ದೇಶ, ಹೊತ್ತು ಇವುಗಳೊಂದಿಗೆ ಸಾರ್ವಜನಿಕವಾಗಿ ಪ್ರಕಟವಾಗುತ್ತವೆ. ಐಪಿ ವಿಳಾಸವನ್ನು ಪ್ರಕಟಿಸದಂತೆ ನೋಡಿಕೊಳ್ಳುತ್ತಾರಾದರೂ, ನಿಮ್ಮ ಸೇವಾದಾರರಿಗೆ ಈ ಯಂತ್ರ ನಿಷೇಧಿತ ತಾಣಗಳನ್ನು ಸಾಲಾಗಿ ಮುಟ್ಟುತ್ತಿದೆ ಎಂದು ಕಾಣುತ್ತದೆ. ಪರೀಕ್ಷಾಪಟ್ಟಿಯಲ್ಲಿ ಅಶ್ಲೀಲ, ಜೂಜಿನ ತಾಣಗಳೂ ಇರುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಬೇಡದ ವರ್ಗಗಳನ್ನು ಕೈಬಿಡಿ, ಅಥವಾ ಒಂದೇ ವಿಳಾಸ ಕೊಟ್ಟು ಪರೀಕ್ಷಿಸಿ. ಕಚೇರಿಯ ಅಥವಾ ಕಾಲೇಜಿನ ನೆಟ್‌ವರ್ಕಿನಿಂದ ಇದನ್ನು ಓಡಿಸದಿರುವುದು ಲೇಸು.

ಕೀಲಿಮಣೆ

ಎರಡನೇ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಎರಡನೇ ತಾಣಕ್ಕೆ ಬರೀ ಡಿಎನ್‌ಎಸ್ ಸುಳ್ಳು ಇತ್ತು, ಅದಕ್ಕೇ ಸಂಖ್ಯೆ ಬದಲಿಸಿದ್ದು ಸಾಕಾಯಿತು. ಟರ್ಕಿಯಲ್ಲಿ 2014ರ ಮಾರ್ಚ್‌ನಲ್ಲಿ ಟ್ವಿಟರ್ ತಡೆದಾಗ ಆದದ್ದೂ ಇದೇ: ಜನ 8.8.8.8 ಎಂದು ಗೋಡೆಗಳ ಮೇಲೆ ಬರೆದರು. ಆಳುವವರು ಐಪಿ ಮಟ್ಟಕ್ಕೆ ಇಳಿದರು. ಅದೇ ತಿಂಗಳ ಕೊನೆಗೆ ಗೂಗಲ್ ಡಿಎನ್‌ಎಸ್‌ಗೆ ಹೋಗುವ ಬಿಜಿಪಿ ದಾರಿಯನ್ನೇ (ನೆಟ್‌ವರ್ಕುಗಳು ಒಂದಕ್ಕೊಂದು ಹೇಳಿಕೊಳ್ಳುವ ದಾರಿ) ಒಳಗಿನ ನಕಲಿ ಸರ್ವರಿಗೆ ತಿರುಗಿಸಿದರು. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಆಟ ಇದು, ಎರಡೂ ಕಡೆಯವರು ಆಡುತ್ತಾರೆ.

ಆದ್ದರಿಂದ ಸಂಖ್ಯೆ ಬದಲಿಸುವುದರ ಬದಲು ಡಿಎನ್‌ಎಸ್ ಪ್ರಶ್ನೆಯನ್ನೇ ಗೂಢಲಿಪಿಗೊಳಿಸಬೇಕು. ದಾರಿ ಎರಡು. ಡಿಒಟಿ (ಟಿಎಲ್‌ಎಸ್ ಮೇಲಿನ ಡಿಎನ್‌ಎಸ್) 853ನೇ ಪೋರ್ಟಿನಲ್ಲಿ ಹೋಗುತ್ತದೆ. ಆ ಪೋರ್ಟನ್ನು ಮುಚ್ಚಿದರೆ ಮುಗಿಯಿತು. ಡಿಒಎಚ್ (ಎಚ್‌ಟಿಟಿಪಿಎಸ್ ಮೇಲಿನ ಡಿಎನ್‌ಎಸ್) ಸಾಮಾನ್ಯ ವೆಬ್ ಓಡುವ 443ರಲ್ಲೇ ಬೆರೆತು ಹೋಗುವುದರಿಂದ ಪೋರ್ಟ್ ಮುಚ್ಚಿ ನಿಲ್ಲಿಸಲಾಗದು. ಆದರೆ ಹೆಸರಾಂತ ಡಿಒಎಚ್ ಸರ್ವರುಗಳ ಹೆಸರು, ಐಪಿಗಳನ್ನೇ ತಡೆಯಬಹುದು.

ಆಂಡ್ರಾಯ್ಡ್ 9 ಮತ್ತು ನಂತರದವುಗಳಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್ ಒಳಗೆ "ಪ್ರೈವೇಟ್ ಡಿಎನ್‌ಎಸ್" ಇದೆ. ಅಲ್ಲಿ "ಆಟೊಮ್ಯಾಟಿಕ್" ಇಟ್ಟರೆ, ಗೂಢಲಿಪಿ ಸಿಗದಾಗ ಸದ್ದಿಲ್ಲದೆ ಸಾದಾ ಡಿಎನ್‌ಎಸ್‌ಗೆ ಜಾರುತ್ತದೆ. ತಡೆಯುವವರಿಗೆ ಬೇಕಾದದ್ದೇ ಅದು. ಸರ್ವರಿನ ಹೆಸರನ್ನು ಬರೆದರೆ ಮಾತ್ರ ಬಿಗಿ. ಅಲ್ಲಿ ಐಪಿ ಸಂಖ್ಯೆ ಬರೆದರೆ ಒಪ್ಪುವುದಿಲ್ಲ, "ಡಿಎನ್‌ಎಸ್ ಡಾಟ್ ಕ್ವಾಡ್9 ಡಾಟ್ ನೆಟ್" ಥರದ ಹೆಸರೇ ಬೇಕು, ಇಂಗ್ಲಿಷ್ ಅಕ್ಷರಗಳಲ್ಲಿ. ಬಿಗಿ ಮಾಡಿದಾಗ ಆಗುವ ತಾಪತ್ರಯವೆಂದರೆ, ಲಾಗಿನ್ ಪುಟ ತೋರಿಸುವ ಸಾರ್ವಜನಿಕ ವೈಫೈಗಳಲ್ಲಿ ಆ ಪುಟವೇ ಬರದೆ ಇಂಟರ್ನೆಟ್ ಸಿಗದೆ ಹೋಗಬಹುದು. ಆಗ ಲಾಗಿನ್ ಆಗುವ ತನಕ ಆರಿಸಿ, ಮತ್ತೆ ಹಾಕಿ. ಹಾಕುವುದನ್ನು ಮರೆಯುವವರೇ ಹೆಚ್ಚು.

ಫೈರ್‌ಫಾಕ್ಸ್‌ನಲ್ಲೂ ಹೀಗೆಯೇ. "ಮ್ಯಾಕ್ಸ್ ಪ್ರೊಟೆಕ್ಷನ್" ಒಂದೇ ಸಾದಾ ಡಿಎನ್‌ಎಸ್‌ಗೆ ಜಾರುವ ಮುನ್ನ ನಿಮ್ಮನ್ನು ಕೇಳುವುದು. ಉಳಿದ ಆಯ್ಕೆಗಳು ಜಾರುತ್ತವೆ.

ಇಷ್ಟಾದರೂ ನಿಮ್ಮ ಸುದ್ದಿತಾಣ ತೆರೆಯುವುದಿಲ್ಲ, ಏಕೆಂದರೆ ಹೆಸರು ಎಸ್‌ಎನ್‌ಐಯಲ್ಲಿ ಸೋರುತ್ತಿದೆ. ಅದಕ್ಕೆ ಮದ್ದು ಇಸಿಎಚ್, ಅಂದರೆ ಗೂಢಲಿಪಿಯ ಕ್ಲೈಂಟ್ ಹಲೋ. ಕ್ಲೈಂಟ್ ಹಲೋದ ಒಳಭಾಗವನ್ನೇ ಗೂಢಲಿಪಿ ಮಾಡಿ, ಹೊರಗೆ ಸಿಡಿಎನ್‌ನ ಒಂದು ಸಾಮಾನ್ಯ ಹೆಸರನ್ನು ಮಾತ್ರ ತೋರಿಸುತ್ತದೆ. ಕ್ರೋಮ್, ಫೈರ್‌ಫಾಕ್ಸ್ ಎರಡಕ್ಕೂ 2023ರಲ್ಲಿ ಬಂತು. ಅದಕ್ಕೆ ಬೇಕಾದ ಕೀಲಿ ಡಿಎನ್‌ಎಸ್‌ನ "ಎಚ್‌ಟಿಟಿಪಿಎಸ್" ದಾಖಲೆಯಲ್ಲಿ ಬರುವುದರಿಂದ, ಡಿಎನ್‌ಎಸ್ ತಿರುಚಿದರೆ ಕೀಲಿಯೇ ಸಿಗದು. ಹಾಗಾಗಿ ಡಿಒಎಚ್ ಇಲ್ಲದೆ ಇಸಿಎಚ್ ಮೇಲೆ ಭರವಸೆ ಇಡಬೇಡಿ. ತಾಣದವರೂ ಇಸಿಎಚ್ ಹಾಕಿರಬೇಕು, ಅದು ನಿಮ್ಮ ಕೈಯಲ್ಲಿಲ್ಲ. ರಷ್ಯಾ 2024ರ ನವೆಂಬರ್‌ನಲ್ಲಿ ಕ್ಲೌಡ್‌ಫ್ಲೇರ್‌ನ ಇಸಿಎಚ್ ಹೊರಹೆಸರನ್ನು ಗುರುತಿಸಿ ಸಂಪರ್ಕ ಕತ್ತರಿಸತೊಡಗಿತು. ಚೀನಾ ಇದರ ಹಿಂದಿನ ರೂಪವಾದ ಇಎಸ್‌ಎನ್‌ಐಯನ್ನು 2020ರಲ್ಲೇ ತಡೆದಿತ್ತು.

ಇನ್ನು ಖಾಸಗಿತನದ ಲೆಕ್ಕ. ಡಿಒಎಚ್ ಹಾಕಿದರೆ ನಿಮ್ಮ ಪ್ರಶ್ನೆಗಳ ಪಟ್ಟಿ ಮಾಯವಾಗುವುದಿಲ್ಲ, ಸೇವಾದಾರರ ಮೇಜಿನಿಂದ ಡಿಒಎಚ್ ಕಂಪನಿಯ ಮೇಜಿಗೆ ಹೋಗುತ್ತದೆ. ಎರಡರಲ್ಲಿ ಯಾರನ್ನು ನಂಬುವಿರಿ ಎಂಬುದು ತಂತ್ರಜ್ಞಾನ ಬಗೆಹರಿಸುವ ಪ್ರಶ್ನೆಯಲ್ಲ.

ಸುರಂಗ

ವಿಪಿಎನ್ ಬಗ್ಗೆ. ಮೊದಲು ನಿಮ್ಮ ದೇಶದ ಕಾನೂನು ನೋಡಿಕೊಳ್ಳಿ. ಕೆಲವು ಕಡೆ ಬಳಕೆಯೇ ಅಪರಾಧ.

ವಿಪಿಎನ್ ಹಾಕಿದಾಗ ಸೇವಾದಾರರಿಗೆ ಕಾಣುವುದು: ನೀವು ಒಂದು ಐಪಿಗೆ ಇಷ್ಟು ಹೊತ್ತು, ಇಷ್ಟು ದತ್ತಾಂಶ ಕಳಿಸಿದಿರಿ ಎಂಬುದು. ವಿಪಿಎನ್ ಕಂಪನಿಗೆ ಕಾಣುವುದು ಇಲ್ಲಿಯವರೆಗೆ ಸೇವಾದಾರರಿಗೆ ಕಾಣುತ್ತಿದ್ದುದೆಲ್ಲ, ಜೊತೆಗೆ ನೀವು ಹಣ ಕಟ್ಟಿದ ವಿವರ. ತಾಣಕ್ಕೆ ಕಾಣುವುದು ವಿಪಿಎನ್‌ನ ಐಪಿ. ಆದರೆ ನೀವು ಲಾಗಿನ್ ಆಗಿದ್ದರೆ ಹೆಸರಿನ ಸಮೇತ ನೀವೇ ಕಾಣುತ್ತೀರಿ. ಉಚಿತ ವಿಪಿಎನ್ ಆದರೆ ಬೇಲಿಯೇ ಎದ್ದು ಹೊಲ ಮೇಯುವ ಅಪಾಯ ಇದ್ದೇ ಇದೆ. "ಲಾಗ್ ಇಡುವುದಿಲ್ಲ" ಎಂಬ ಮಾತನ್ನು ಹೊರಗಿನಿಂದ ಪರೀಕ್ಷಿಸುವ ದಾರಿ ಬಳಕೆದಾರರಿಗಿಲ್ಲ.

ಬಾಡಿಗೆ ಸರ್ವರಿನಲ್ಲಿ ತಾವೇ ವಿಪಿಎನ್ ಕಟ್ಟಿಕೊಂಡರೆ ಅನಾಮಧೇಯರಾದೆವು ಎಂದುಕೊಳ್ಳುವವರಿದ್ದಾರೆ. ತಡೆ ದಾಟಲು ಅದು ಒಳ್ಳೆಯದು, ಗುರುತು ಮುಚ್ಚಲು ಕೆಟ್ಟದ್ದು. ಸಾವಿರ ಜನ ಹಂಚಿಕೊಳ್ಳುವ ಐಪಿಯ ಬದಲು ನಿಮ್ಮೊಬ್ಬರದೇ ಐಪಿ, ನಿಮ್ಮದೇ ಹೆಸರಿನ ಬಿಲ್ಲು.

ಕೆಡುವುದು ಎಲ್ಲೆಲ್ಲಿ ಎಂದರೆ:

ವಿಪಿಎನ್ ಕಟ್ಟುವ ವೈರ್‌ಗಾರ್ಡ್ ಎಂಬ ಪ್ರೋಟೋಕಾಲ್ ವೇಗದ್ದು, ಸರಳವಾದದ್ದು, ಆದರೆ ಅಡಗುವುದಕ್ಕೆಂದು ಮಾಡಿದ್ದಲ್ಲ. ಅದರ ಮೊದಲ ಸಂದೇಶ ಯಾವಾಗಲೂ 148 ಬೈಟ್, ಉತ್ತರ 92 ಬೈಟ್. ಮೊದಲ ಬೈಟ್ 1, ಮುಂದಿನ ಮೂರು ಸಾಮಾನ್ಯವಾಗಿ 0. ಪ್ಯಾಕೆಟ್ ಪರೀಕ್ಷಿಸುವ ಯಂತ್ರಕ್ಕೆ ಇದಕ್ಕಿಂತ ಸುಲಭದ ಬೇಟೆ ಬೇಕೆ? 51820ನೇ ಪೋರ್ಟ್ ಬದಲಿಸಿದರೂ ಈ ಚಹರೆ ಬದಲಾಗದು. ಓಪನ್‌ವಿಪಿಎನ್‌ಗೂ (ರೂಢಿಯ ಪೋರ್ಟ್ 1194) ತನ್ನದೇ ಚಹರೆ ಇದೆ. ಅದಕ್ಕೇ ಬಿಗಿ ತಡೆಯಿರುವ ಕಡೆ ಸಾಮಾನ್ಯ ಎಚ್‌ಟಿಟಿಪಿಎಸ್‌ನ ವೇಷ ಹಾಕುವ ಸಾಧನಗಳು ಬೇಕಾಗುತ್ತವೆ. ಬರೀ ಅರ್ಥವಾಗದ ಕಲಸುಮೇಲೋಗರ ಕಳಿಸಿದರೂ ಸಾಲದು: ಯಾವ ಪರಿಚಿತ ಪ್ರೋಟೋಕಾಲ್‌ನಂತೆಯೂ ಕಾಣದ, ಪೂರ್ತಿ ಯಾದೃಚ್ಛಿಕವಾಗಿ ಕಾಣುವ ಸಂಪರ್ಕಗಳನ್ನೇ ಚೀನಾದ ಇಂಟರ್ನೆಟ್ ತಡೆಗೋಡೆ 2021ರ ನವೆಂಬರ್‌ನಿಂದ ಆರಿಸಿ ತಡೆಯತೊಡಗಿತು.

ಸಂಪರ್ಕ ಕೂಡಿಕೊಂಡಿದೆ, ಸಣ್ಣ ಪುಟ ತೆರೆಯುತ್ತದೆ, ದೊಡ್ಡ ಪುಟ ಅರ್ಧಕ್ಕೇ ನಿಲ್ಲುತ್ತದೆ ಎಂದಾದರೆ ಅದು ಹೆಚ್ಚಾಗಿ ತಡೆಯಲ್ಲ, ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಸಮಸ್ಯೆ. ವೈರ್‌ಗಾರ್ಡ್‌ನ ರೂಢಿ 1420, ಅಂದರೆ 1500ರಲ್ಲಿ 80 ಕಳೆದದ್ದು. ಕೆಲವು ಬ್ರಾಡ್‌ಬ್ಯಾಂಡ್‌ಗಳು ಬಳಸುವ ಪಿಪಿಪಿಒಇ ಸಂಪರ್ಕದಲ್ಲಿ ತಳವೇ 1492 ಆಗಿರುತ್ತದೆ, ಆಗ 1412ಕ್ಕೆ ಇಳಿಸಿ. ಲೆಕ್ಕ ಬೇಡ ಅನ್ನುವವರು 1280 ಹಾಕಿ ನೋಡಲಿ. ವೇಗ ಸ್ವಲ್ಪ ಕುಗ್ಗುತ್ತದೆ, ಪುಟ ನಿಲ್ಲುವುದಿಲ್ಲ.

ಸೋರಿಕೆ ಮೂರು ಕಡೆ: ಡಿಎನ್‌ಎಸ್ ಸುರಂಗದ ಹೊರಗೆ ಹೋಗುವುದು, ಐಪಿವಿ4 ಮಾತ್ರ ಸುರಂಗಕ್ಕೆ ಸೇರಿ ಐಪಿವಿ6 ನೇರವಾಗಿ ಹೋಗುವುದು, ಬ್ರೌಸರಿನಲ್ಲಿ ಕರೆಗಳನ್ನು ನಡೆಸುವ ವೆಬ್‌ಆರ್‌ಟಿಸಿ ಅಸಲಿ ಐಪಿ ಹೇಳಿಬಿಡುವುದು. ವೈರ್‌ಗಾರ್ಡ್ ಸಂರಚನೆಯ "ಅಲೌಡ್ ಐಪಿಸ್" ಸಾಲಿನಲ್ಲಿ 0.0.0.0/0 ಜೊತೆಗೆ ::/0 ಬರೆಯದಿದ್ದರೆ, ಐಪಿವಿ6 ಇರುವ ನೆಟ್‌ವರ್ಕಿನಲ್ಲಿ ಎರಡನೆಯದು ಆಗಬಹುದು. ಆಂಡ್ರಾಯ್ಡ್‌ನಲ್ಲಿ "ಆಲ್ವೇಸ್ ಆನ್ ವಿಪಿಎನ್" ಜೊತೆಗೆ "ವಿಪಿಎನ್ ಇಲ್ಲದ ಸಂಪರ್ಕ ತಡೆ" ಎನ್ನುವುದನ್ನೂ ಹಾಕಿ. ಇಲ್ಲದಿದ್ದರೆ ಲಿಫ್ಟಿನೊಳಗೆ ಸಿಗ್ನಲ್ ಹೋಗಿ ಬಂದ ಆ ಕ್ಷಣದಲ್ಲಿ ಫೋನು ಬರಿಮೈಯಲ್ಲಿ ಹೊರಗೆ ಹೋಗಿ ಬರುತ್ತದೆ.

ಮೂರುಪದರ

ಸುರಂಗ ಅವರು ಹೇಳಿದ್ದೆಲ್ಲ ಸರಿ, ಟಾರ್ ಬಗ್ಗೆ ನಾನು ಹೇಳುತ್ತೇನೆ. ವಿಪಿಎನ್‌ನಲ್ಲಿ ಒಬ್ಬನೇ ಮಧ್ಯವರ್ತಿಗೆ ನೀವು ಯಾರು, ಎಲ್ಲಿಗೆ ಹೋಗುತ್ತಿದ್ದೀರಿ ಎರಡೂ ಗೊತ್ತು. ಟಾರ್‌ನಲ್ಲಿ ಸ್ವಯಂಸೇವಕರು ನಡೆಸುವ ಮೂರು ರಿಲೇ (ದಾಟಿಸುವ ಸರ್ವರ್). ಮೊದಲನೆಯದಕ್ಕೆ ನೀವು ಯಾರೆಂದು ಗೊತ್ತು, ಎಲ್ಲಿಗೆಂದು ಗೊತ್ತಿಲ್ಲ. ಕೊನೆಯದಕ್ಕೆ ಎಲ್ಲಿಗೆಂದು ಗೊತ್ತು, ಯಾರೆಂದು ಗೊತ್ತಿಲ್ಲ. ಎರಡೂ ತುದಿಯನ್ನು ಒಬ್ಬರೇ ಗಮನಿಸುತ್ತಿದ್ದರೆ ಹೊತ್ತು, ಗಾತ್ರ ತಾಳೆ ಹಾಕಿ ಹಿಡಿಯಬಹುದು. ಟಾರ್‌ನ ವಿನ್ಯಾಸಕರೇ ಒಪ್ಪಿಕೊಂಡ ಮಿತಿ ಇದು.

ಟಾರ್ ನೀವು ಏನು ಮಾಡುತ್ತಿದ್ದೀರಿ ಎಂಬುದನ್ನು ಮುಚ್ಚುತ್ತದೆ. ನೀವು ಟಾರ್ ಬಳಸುತ್ತಿದ್ದೀರಿ ಎಂಬುದನ್ನು ತಾನಾಗಿ ಮುಚ್ಚುವುದಿಲ್ಲ. 2013ರ ಡಿಸೆಂಬರ್‌ನಲ್ಲಿ ಹಾರ್ವರ್ಡ್‌ಗೆ ಬಂದ ಹುಸಿ ಬಾಂಬ್ ಬೆದರಿಕೆ ಟಾರ್ ಮೂಲಕವೇ ಬಂದಿತ್ತು. ತನಿಖೆಯವರು ಟಾರ್ ಮುರಿಯಲು ಹೋಗಲಿಲ್ಲ. ಆ ಹೊತ್ತಿನಲ್ಲಿ ಕ್ಯಾಂಪಸ್ ವೈಫೈಯಿಂದ ಟಾರ್ ಮುಟ್ಟಿದವರು ಯಾರು ಎಂದು ನೋಡಿದರು, ಅಷ್ಟೇ. ಮುಚ್ಚಿದ ಮುಖ ಗುಂಪಿನಲ್ಲಿ ಒಂದೇ ಆದರೆ ಮುಸುಕೇ ಗುರುತು.

ಟಾರ್ ಅನ್ನೇ ತಡೆದಿರುವ ಕಡೆ ಬ್ರಿಡ್ಜ್ (ಸಾರ್ವಜನಿಕ ಪಟ್ಟಿಯಲ್ಲಿಲ್ಲದ ಪ್ರವೇಶದ ರಿಲೇ) ಬೇಕು. ಟಾರ್ ಬ್ರೌಸರಿನ "ಕನೆಕ್ಷನ್" ಸೆಟ್ಟಿಂಗ್ಸ್‌ನಲ್ಲಿ ಸಿಗುತ್ತವೆ. ಒಬಿಎಫ್‌ಎಸ್4 ವೇಗದ್ದು, ಆದರೆ ಯಾದೃಚ್ಛಿಕವಾಗಿ ಕಾಣುವುದನ್ನೇ ತಡೆಯುವಲ್ಲಿ ಸೋಲುತ್ತದೆ. ಸ್ನೋಫ್ಲೇಕ್ ಸ್ವಯಂಸೇವಕರ ಬ್ರೌಸರುಗಳ ಮೂಲಕ ವಿಡಿಯೋ ಕರೆಯ ವೇಷದಲ್ಲಿ ಹೋಗುತ್ತದೆ, ನಿಧಾನ, ನಡುನಡುವೆ ಕಡಿಯುತ್ತದೆ. 2024ರಲ್ಲಿ ಬಂದ ವೆಬ್‌ಟನಲ್ ಸಾಮಾನ್ಯ ವೆಬ್‌ತಾಣದ ವೇಷ ಹಾಕುತ್ತದೆ. ಯಾವುದು ಎಲ್ಲಿ ನಡೆಯುತ್ತದೆ ಎಂಬುದು ಇಂದಿಗೂ ನಾಳೆಗೂ ಬೇರೆ, ಎರಡು ಬಗೆಯವನ್ನು ಮೊದಲೇ ಇಟ್ಟುಕೊಳ್ಳಿ. ತಡೆ ಬಿದ್ದ ಮೇಲೆ ಇಳಿಸಿಕೊಳ್ಳಲು ಹೋದರೆ ಇಳಿಸುವ ತಾಣವೂ ಮುಚ್ಚಿರುತ್ತದೆ.

ಟಾರ್ ಬ್ರೌಸರಿಗೆ ಎಕ್ಸ್‌ಟೆನ್ಷನ್ ಸೇರಿಸಬೇಡಿ. ಎಲ್ಲರೂ ಒಂದೇ ಥರ ಕಾಣಬೇಕು ಎನ್ನುವುದೇ ಅದರ ಜೀವಾಳ. ಡಿಜಿಟಲ್ ಹಕ್ಕುಗಳ ಸಂಸ್ಥೆ ಇಎಫ್‌ಎಫ್‌ನ 2010ರ ಅಧ್ಯಯನದಲ್ಲಿ ಪರೀಕ್ಷೆಗೆ ಬಂದ ಬ್ರೌಸರುಗಳಲ್ಲಿ 83.6 ಶೇಕಡ ಒಂದರಂತೆ ಇನ್ನೊಂದಿರಲಿಲ್ಲ: ಫಾಂಟುಗಳು, ಪರದೆಯ ಅಳತೆ, ಪ್ಲಗಿನ್‌ಗಳು ಸೇರಿ ಕುಕೀ ಇಲ್ಲದೆಯೂ ಬೆರಳಚ್ಚು ಸಿಗುತ್ತಿತ್ತು. ಕಿಟಕಿಯ ಸುತ್ತ ಬೂದು ಅಂಚು ಕಂಡರೆ ಬ್ರೌಸರ್ ಕೆಟ್ಟಿತೆಂದು ದೂರಬೇಡಿ, ಪರದೆಯ ಅಳತೆಯನ್ನು ಮರೆಮಾಡಲು ಅದೇ ಹಾಕಿಕೊಂಡ ಅಂಚು ಅದು.

ಹೊಸ್ತಿಲು

ಎಲ್ಲರಿಗೂ ಧನ್ಯವಾದ. ಎರಡು ಉಪಪ್ರಶ್ನೆ. "ಸುರಕ್ಷತೆಗಾಗಿ ಈ ಪ್ರಮಾಣಪತ್ರ ಇನ್‌ಸ್ಟಾಲ್ ಮಾಡಿ, ಆಗ ಎಲ್ಲ ತಾಣ ತೆರೆಯುತ್ತದೆ" ಎಂದು ನೆಟ್‌ವರ್ಕಿನವರು ಹೇಳಿದರೆ ಅದರ ಅರ್ಥವೇನು? ಹಾಗೆಯೇ, ಬರೆಯುವವರ ಕಡೆಯಿಂದ ನೋಡಿದರೆ, ತಾಣ ನಡೆಸುವವರು ಓದುಗರಿಗೆ ತಲುಪುತ್ತಲೇ ಇರಲು ಮೊದಲೇ ಏನು ಮಾಡಿಟ್ಟುಕೊಳ್ಳಬೇಕು?

ಕೀಲಿಮಣೆ

ಪ್ರಮಾಣಪತ್ರ: ಸ್ವಂತ ಸಾಧನದಲ್ಲಿ ಹಾಕಬೇಡಿ. ಅದು ಮೂಲ ಪ್ರಮಾಣಪತ್ರ, ಅಂದರೆ ಯಾವ ತಾಣದ ಹೆಸರಿಗೆ ಬೇಕಾದರೂ ನಕಲಿ ಗುರುತುಚೀಟಿ ಬರೆಯುವ ಮೊಹರು. ಹಾಕಿದ ಮೇಲೆ ಬ್ರೌಸರ್ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ, ನಡುವಿನವರು ಬ್ಯಾಂಕಿನ ಪಾಸ್‌ವರ್ಡ್‌ನಿಂದ ಹಿಡಿದು ಎಲ್ಲವನ್ನೂ ಓದುತ್ತಾರೆ. ಕೈಯಾರೆ ಹಾಕಿದ ಮೂಲ ಪ್ರಮಾಣಪತ್ರಕ್ಕೆ ಬ್ರೌಸರುಗಳ ಪಾರದರ್ಶಕತೆ ತಪಾಸಣೆಯೂ (ಪ್ರಮಾಣಪತ್ರ ಸಾರ್ವಜನಿಕ ದಾಖಲೆಯಲ್ಲಿದೆಯೇ ಎಂದು ನೋಡುವುದು) ಅನ್ವಯಿಸುವುದಿಲ್ಲ. ಕಜಕಸ್ತಾನ 2019ರ ಜುಲೈಯಲ್ಲಿ ಇದನ್ನೇ ಮಾಡಲು ಹೊರಟಿತು. ಆಗಸ್ಟ್‌ನಲ್ಲಿ ಗೂಗಲ್, ಮೊಜಿಲ್ಲಾ, ಆಪಲ್ ಮೂವರೂ ಆ ಪ್ರಮಾಣಪತ್ರವನ್ನು ಬ್ರೌಸರಿನಲ್ಲೇ ತಡೆದರು. 2011ರಲ್ಲಿ ಡಚ್ ಪ್ರಮಾಣಪತ್ರ ಸಂಸ್ಥೆ ಡಿಜಿನೋಟಾರ್‌ಗೆ ನುಗ್ಗಿದವರು 500ಕ್ಕೂ ಹೆಚ್ಚು ನಕಲಿ ಪ್ರಮಾಣಪತ್ರ ಬರೆದುಕೊಂಡರು. ಗೂಗಲ್ ಹೆಸರಿನದ್ದು ಇರಾನಿನ ಜಿಮೇಲ್ ಬಳಕೆದಾರರ ಮೇಲೆ ಪ್ರಯೋಗವಾಯಿತು, ಸಂಸ್ಥೆ ಅದೇ ವರ್ಷ ದಿವಾಳಿಯೆದ್ದಿತು. ಅಲ್ಲಿ ಕಳ್ಳರು ಮೊಹರು ಕದ್ದಿದ್ದರು. ಇಲ್ಲಿ ನೀವೇ ಕೈಯೆತ್ತಿ ಕೊಡುತ್ತಿದ್ದೀರಿ.

ಹಾಕಿಬಿಟ್ಟಿದ್ದರೆ: ಸೆಟ್ಟಿಂಗ್ಸ್ ಒಳಗೆ "ಬಳಕೆದಾರರ ಪ್ರಮಾಣಪತ್ರ" ಪಟ್ಟಿಯಿಂದ ತೆಗೆದುಹಾಕಿ. ಫೈರ್‌ಫಾಕ್ಸ್ ತನ್ನದೇ ಪಟ್ಟಿ ಇಟ್ಟುಕೊಳ್ಳುವುದರಿಂದ ಅದರೊಳಗೂ ನೋಡಿ. ಆಮೇಲೆ ಬೇರೆ ನೆಟ್‌ವರ್ಕಿನಿಂದ ಪಾಸ್‌ವರ್ಡುಗಳನ್ನು ಬದಲಿಸಿ, ಎಲ್ಲ ಸಾಧನಗಳಿಂದ ಲಾಗ್ ಔಟ್ ಮಾಡಿಸಿ. ಕಚೇರಿ ಕೊಟ್ಟ ಲ್ಯಾಪ್‌ಟಾಪಿನಲ್ಲಿ ಕಚೇರಿಯದೇ ಪ್ರಮಾಣಪತ್ರ ಇರುವುದು ಮಾಮೂಲು. ಅದರಲ್ಲಿ ಸ್ವಂತದ್ದೇನೂ ಬರೆಯದಿದ್ದರೆ ಆಯಿತು.

ತಂತಿಜಾಡು

ತಾಣ ನಡೆಸುವವರಿಗೆ ನನ್ನ ಪಟ್ಟಿ, ಕ್ರಮವಿಲ್ಲದೆ.

ಇಡೀ ತಾಣ ಎಚ್‌ಟಿಟಿಪಿಎಸ್‌ನಲ್ಲೇ ಇರಲಿ. ಆಗ ಒಂದು ಲೇಖನವನ್ನು ಮಾತ್ರ ಆರಿಸಿ ತಡೆಯಲಾಗದು, ತಡೆದರೆ ಪೂರ್ತಿ ತಾಣವನ್ನೇ ತಡೆಯಬೇಕು. ಅದಕ್ಕೆ ಎಷ್ಟೋ ಕಡೆ ಹಿಂಜರಿಯುತ್ತಾರೆ, ಆದರೆ ಯಾವಾಗಲೂ ಅಲ್ಲ: ವಿಕಿಪೀಡಿಯ 2015ರಲ್ಲಿ ಎಚ್‌ಟಿಟಿಪಿಎಸ್ ಕಡ್ಡಾಯ ಮಾಡಿತು, 2017ರ ಏಪ್ರಿಲ್‌ನಲ್ಲಿ ಟರ್ಕಿ ಅದರ ಎಲ್ಲ ಭಾಷೆಯ ಆವೃತ್ತಿಗಳನ್ನೂ ಮುಚ್ಚಿತು. 2020ರ ಜನವರಿಯಲ್ಲಿ, ಸಂವಿಧಾನ ನ್ಯಾಯಾಲಯದ ತೀರ್ಪಿನ ನಂತರ, ತೆರೆಯಿತು. ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಳ್ಳುವ ಕೆಲಸ ರಷ್ಯಾದಲ್ಲೂ ಆಯಿತು: 2018ರ ಏಪ್ರಿಲ್‌ನಲ್ಲಿ ಟೆಲಿಗ್ರಾಮ್ ಒಂದನ್ನು ಹಿಡಿಯಲು ಅಮೆಜಾನ್, ಗೂಗಲ್ ಕ್ಲೌಡ್‌ಗಳ 1.5 ಕೋಟಿಗೂ ಹೆಚ್ಚು ಐಪಿಗಳನ್ನು ತಡೆದರು. ಸಂಬಂಧವಿಲ್ಲದ ಎಷ್ಟೋ ಸೇವೆಗಳು ಬಿದ್ದವು, ಟೆಲಿಗ್ರಾಮ್ ಮಾತ್ರ ನಡೆಯುತ್ತಲೇ ಇತ್ತು.

ಡೊಮೇನ್ ನೋಂದಣಿ ಒಂದು ಕಡೆ, ಹೋಸ್ಟಿಂಗ್ ಇನ್ನೊಂದು ಕಡೆ ಇರಲಿ. ಒಬ್ಬರು ಕೈಬಿಟ್ಟರೆ ಇನ್ನೊಂದು ಉಳಿಯುತ್ತದೆ. ಡಿಎನ್‌ಎಸ್ ಟಿಟಿಎಲ್ (ಪ್ಯಾಕೆಟ್ಟಿನದ್ದಲ್ಲ, ಡಿಎನ್‌ಎಸ್ ಉತ್ತರವನ್ನು ನೆನಪಿಟ್ಟುಕೊಳ್ಳುವ ಅವಧಿ) 300 ಸೆಕೆಂಡ್ ಇಟ್ಟರೆ ಸರ್ವರ್ ಬದಲಿಸಿದ ಐದಾರು ನಿಮಿಷದಲ್ಲಿ ಬಹುಪಾಲು ಓದುಗರಿಗೆ ಹೊಸ ವಿಳಾಸ ಮುಟ್ಟುತ್ತದೆ.

ತಾಣವನ್ನು ಸ್ಥಿರ ಫೈಲುಗಳಾಗಿ ಮಾಡಿಟ್ಟುಕೊಳ್ಳಿ. ದತ್ತಾಂಶಕೋಶ ಬೇಡುವ ತಾಣಕ್ಕೆ ಕನ್ನಡಿ (ಬೇರೆ ಕಡೆ ಇಡುವ ಪ್ರತಿ) ಮಾಡುವುದು ದಿನಗಳ ಕೆಲಸ, ಸ್ಥಿರ ಫೈಲುಗಳಿಗೆ ನಿಮಿಷಗಳ ಕೆಲಸ. ಆರ್‌ಎಸ್‌ಎಸ್ ಮತ್ತು ಇಮೇಲ್‌ನಲ್ಲಿ ಕೊಂಡಿ ಮಾತ್ರ ಕಳಿಸದೆ ಪೂರ್ತಿ ಬರಹ ಕಳಿಸಿ. ತಾಣ ತಡೆದರೂ ಇಮೇಲ್ ಪೆಟ್ಟಿಗೆಗೆ ಬರಹ ಬಂದು ಬೀಳುತ್ತದೆ. ಮುಖ್ಯ ಪುಟಗಳನ್ನು ವೇಬ್ಯಾಕ್ ಮಷೀನ್ ಎಂಬ ವೆಬ್ ಸಂಗ್ರಹದಲ್ಲಿ ಉಳಿಸಿ.

ಆನಿಯನ್ ಸೇವೆ (ಟಾರ್ ಒಳಗಿನಿಂದ ಮಾತ್ರ ತೆರೆಯುವ ತಾಣದ ವಿಳಾಸ) ಸೇರಿಸುವುದು ಅಂದುಕೊಂಡಷ್ಟು ಕಷ್ಟವಲ್ಲ: ಟಾರ್ ಸಂರಚನೆಯಲ್ಲಿ ಕಡತಕೋಶದ ಸಾಲೊಂದು, ಪೋರ್ಟಿನ ಸಾಲೊಂದು. 56 ಅಕ್ಷರದ ವಿಳಾಸ ಹುಟ್ಟುತ್ತದೆ. ಆ ಕೋಶದಲ್ಲಿರುವ ಖಾಸಗಿ ಕೀಲಿಯನ್ನು ನಕಲು ಮಾಡಿ ಬೇರೆ ಕಡೆ ಇಡದಿದ್ದರೆ, ಡಿಸ್ಕ್ ಹೋದ ದಿನ ವಿಳಾಸವೂ ಹೋಯಿತು. "ಆನಿಯನ್ ಲೊಕೇಶನ್" ಹೆಡರ್ ಹಾಕಿದರೆ ಟಾರ್ ಬ್ರೌಸರಿನವರಿಗೆ ವಿಳಾಸ ತಾನೇ ಕಾಣುತ್ತದೆ. ಬಿಬಿಸಿ 2019ರಲ್ಲೇ ಆನಿಯನ್ ಸೇವೆ ಶುರುಮಾಡಿತು.

ಎಲ್ಲಕ್ಕಿಂತ ಮುಖ್ಯ, ಓದುಗರ ಲಾಗ್ ಇಟ್ಟುಕೊಳ್ಳಬೇಡಿ. ಡೆಬಿಯನ್ ಲಿನಕ್ಸ್‌ನ ಎನ್‌ಜಿನ್‌ಎಕ್ಸ್ ವೆಬ್ ಸರ್ವರ್ ಪ್ಯಾಕೇಜು ತಾನಾಗಿ 14 ದಿನದ ಲಾಗ್ ಇಡುತ್ತದೆ, ಪ್ರತಿ ಸಾಲಿನಲ್ಲೂ ಐಪಿ. ಐಪಿಯ ಕೊನೆಯ ಭಾಗವನ್ನು 0 ಮಾಡಿ ಬರೆಯಿಸಿ, ಅಥವಾ ದೋಷದ ಲಾಗ್ ಮಾತ್ರ ಉಳಿಸಿ. ಅಮೆರಿಕದಲ್ಲಿ 2016ರಲ್ಲಿ ಸಿಗ್ನಲ್ ಆ್ಯಪ್‌ನವರಿಗೆ ಬಳಕೆದಾರರ ಮಾಹಿತಿ ಕೇಳಿ ಆದೇಶ ಬಂದಾಗ ಅವರು ಕೊಡಲು ಸಾಧ್ಯವಾದದ್ದು ಎರಡೇ: ಖಾತೆ ತೆರೆದ ಹೊತ್ತು, ಕೊನೆಯ ಸಲ ಸಂಪರ್ಕವಾದ ದಿನ. ಇಟ್ಟುಕೊಂಡಿದ್ದೇ ಅಷ್ಟು. ಹಾಗೆಯೇ ಹೊರಗಿನ ಫಾಂಟು, ಅಂಕಿಅಂಶ ಸ್ಕ್ರಿಪ್ಟುಗಳನ್ನು ತೆಗೆಯಿರಿ. ನೀವು ಲಾಗ್ ಇಡದಿದ್ದರೂ ಅವರು ಇಡುತ್ತಾರೆ.

ಎಣಿಕೆಗಾರ

ತಂತಿಜಾಡು ಅವರ ಮೊದಲ ಉತ್ತರಕ್ಕೆ ಒಂದು ತಿದ್ದುಪಡಿ. ಕರ್ಲ್‌ನಲ್ಲಿ ರೀಸೆಟ್ ಬಂದು ಅದೇ ತಾಣ ಕ್ರೋಮ್‌ನಲ್ಲಿ ತೆರೆಯಬಹುದು. ಕರ್ಲ್ ಸುಳ್ಳು ಹೇಳಿತೆಂದು ಅರ್ಥವಲ್ಲ. 2024ರಿಂದ ಕ್ರೋಮ್ ಕ್ಲೈಂಟ್ ಹಲೋದಲ್ಲಿ ಕ್ವಾಂಟಮ್ ಗಣಕಕ್ಕೆ ಜಗ್ಗದ ಕೀಲಿಯನ್ನೂ ಕಳಿಸುತ್ತದೆ; ಅದೊಂದೇ 1,184 ಬೈಟ್. ಸಂದೇಶ ಎರಡು ಪ್ಯಾಕೆಟ್ಟಾಗಿ ಒಡೆಯುತ್ತದೆ, ಮೊದಲ ಪ್ಯಾಕೆಟ್ ಮಾತ್ರ ಓದುವ ಹಳೆಯ ತಡೆಯಂತ್ರಕ್ಕೆ ಎಸ್‌ಎನ್‌ಐ ಕಣ್ಣಿಗೆ ಬೀಳದೆ ಹೋಗಬಹುದು. ಕ್ರೋಮ್ ಕ್ಲೈಂಟ್ ಹಲೋದೊಳಗಿನ ಭಾಗಗಳ (ಟಿಎಲ್‌ಎಸ್ ಎಕ್ಸ್‌ಟೆನ್ಷನ್‌ಗಳ) ಕ್ರಮವನ್ನು ಪ್ರತಿ ಸಲ ಕಲಸುವುದರಿಂದ ಒಮ್ಮೆ ತೆರೆದು ಇನ್ನೊಮ್ಮೆ ತೆರೆಯದೆಯೂ ಇರಬಹುದು.

ಟಿಸಿಪಿಯ ಬದಲು ಯುಡಿಪಿ ಮೇಲೆ ಓಡುವ ಕ್ವಿಕ್ ಎಂಬ ಪ್ರೋಟೋಕಾಲ್ ಕೂಡ ಹೀಗೆ ಗೊಂದಲ ಮಾಡುತ್ತದೆ. ಬ್ರೌಸರ್ ಯುಡಿಪಿ 443ರಲ್ಲಿ ಹೋಗಿರುತ್ತದೆ, ಕರ್ಲ್ ಟಿಸಿಪಿಯಲ್ಲಿ. ತಡೆ ಒಂದರಲ್ಲಿ ಮಾತ್ರ ಇದ್ದರೆ ಫಲಿತಾಂಶ ತಾಳೆಯಾಗದು. ಪರೀಕ್ಷೆಯ ಹೊತ್ತಿಗೆ ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಕ್ವಿಕ್ ಆರಿಸಿ ಒಮ್ಮೆ, ಹಾಕಿ ಒಮ್ಮೆ ನೋಡಿ. ವರದಿ ಬರೆದಿಡುವಾಗ ಯುಟಿಸಿ ಸಮಯ, ಎಎಸ್ ಸಂಖ್ಯೆ, ಬ್ರೌಸರಿನ ಆವೃತ್ತಿ, ಟಿಸಿಪಿಯೋ ಕ್ವಿಕ್ಕೋ, ಯಾವ ಹೆಜ್ಜೆಯಲ್ಲಿ ನಿಂತಿತು, ಇಷ್ಟನ್ನೂ ಬರೆಯಿರಿ. ಬರೀ ತೆರೆಯದ ಪುಟದ ಸ್ಕ್ರೀನ್‌ಶಾಟ್ ಹಾಕಿದರೆ ಯಾರಿಂದಲೂ ಏನೂ ಹೇಳಲಾಗದು.

ಹೊಸ್ತಿಲು

ಕ್ವಿಕ್ ಆರಿಸಿದಾಗಲೂ ಹಾಕಿದಾಗಲೂ ಸುದ್ದಿತಾಣ ತೆರೆಯುವುದಿಲ್ಲ. ಬೇರೆ ಸರ್ವರಿಗೆ ಅದರ ಹೆಸರು ಕಳಿಸಿದರೆ ಆರಕ್ಕೆ ಆರು ಸಲವೂ ರೀಸೆಟ್. ಅದರ ಐಪಿಗೆ ಬೇರೆ ಹೆಸರು ಕಳಿಸಿದರೆ ಪ್ರಮಾಣಪತ್ರದ ದೂರು ಮಾತ್ರ.

ತಂತಿಜಾಡು

ಹಾಗಾದರೆ ಅದು ಎಸ್‌ಎನ್‌ಐ ತಡೆಯೇ. ಆ ತಾಣದವರಿಗೆ ಈ ಅಳತೆಗಳನ್ನು ಕಳಿಸಿ ಇಸಿಎಚ್ ಹಾಕಲು ಕೇಳಿ. ಕ್ವಿಕ್‌ನಲ್ಲೂ ಸೋತದ್ದನ್ನು ಪ್ರತ್ಯೇಕ ಸಾಲಿನಲ್ಲಿ ಬರೆಯಿರಿ: ಯುಡಿಪಿ 443 ಪೂರ್ತಿ ಮುಚ್ಚಿದೆಯೋ, ಈ ಹೆಸರಿಗೆ ಮಾತ್ರವೋ ಎಂದು ಬೇರೊಂದು ಕ್ವಿಕ್ ತಾಣ ತೆರೆದು ನೋಡಿ ಆಮೇಲೆ.